ಹಿಂದೆ ನಾನಿದೀನಿ

ಮಾರ್ಚ್ 3, ಸೋಮವಾರ

ನಮ್ಮ ಉದ್ದಕ್ಕ ತಂಡ ಬಿಟ್ಟು ಹೋದಳು. ವಿದ್ಯುತ್ ಇಲಾಖೆಯವರು ಕರೆದರು. ಕುರ್ಚಿಯ ಕೆಲಸ, ಕಚೇರಿಗೆ ಹತ್ತಿರದಲ್ಲೇ ಮನೆ, ಅವರ ತಂಡದಲ್ಲಿ ಜಾಗ. ಯಾರು ತಾನೇ ಬೇಡ ಅಂದಾರು? ಬೆಳಿಗ್ಗೆ ನನ್ನ ಟೈಮ್‌ಕೀಪರ್ ಗೂಡಿನ ಕಿಟಕಿಗೆ ಬಗ್ಗಿ, "ಸರ್, ಬೇಜಾರು ಮಾಡ್ಕೋಬೇಡಿ" ಎಂದಳು. "ಛೆ ಛೆ, ಒಳ್ಳೇದಾಗ್ಲಿ ತಾಯಿ" ಎಂದೆ. ಅವಳು ಡಿಪೋದ ಗೇಟು ದಾಟುವವರೆಗೂ ನೋಡುತ್ತಾ ಕೂತೆ. ಏಳು ಹತ್ತರ ಬಸ್ಸನ್ನು ಏಳು ಹದಿನೈದಕ್ಕೆ ಬಿಟ್ಟೆ. ಇಪ್ಪತ್ತೆರಡು ವರ್ಷದ ಸರ್ವೀಸಿನಲ್ಲಿ ನನ್ನಿಂದಾಗಿ ಬಸ್ಸು ತಡವಾದದ್ದು ಇದೇ ಮೊದಲು.

ನಮ್ಮ ಡಿಪೋದ ಹೆಂಗಸರ ಬಾಸ್ಕೆಟ್‌ಬಾಲ್ ತಂಡ ಎಂದರೆ ಉದ್ದಕ್ಕ. ಒಂಬತ್ತು ವರ್ಷದಿಂದ ನಾನು ಕೋಚ್ ಎನ್ನಿಸಿಕೊಂಡು ತಿರುಗುತ್ತಿರುವುದು ಒಂದೇ ವಿದ್ಯೆಯ ಮೇಲೆ: ಗೆರೆಯ ಹೊರಗೆ ನಿಂತು "ಉದ್ದಕ್ಕನಿಗೆ ಕೊಡಿ" ಎಂದು ಗಂಟಲು ಹರಿಯುವಂತೆ ಕೂಗುವುದು.

ಲೀಗಿನಲ್ಲಿ ಇನ್ನು ನಾಲ್ಕು ಪಂದ್ಯ ಬಾಕಿ. ಎರಡಾದರೂ ಗೆಲ್ಲದಿದ್ದರೆ ಕೆಳದರ್ಜೆಗೆ ಇಳಿಯುತ್ತೇವೆ. ಕೆಳದರ್ಜೆಯ ತಂಡಕ್ಕೆ ಅಭ್ಯಾಸಕ್ಕೆಂದು ಡ್ಯೂಟಿಯಿಂದ ಬಿಡುವು ಕೊಡುವುದಿಲ್ಲ ಎಂದು ಮ್ಯಾನೇಜರ್ ಹೇಳಿಯಾಗಿದೆ. ಬಿಡುವಿಲ್ಲ ಎಂದರೆ ತಂಡವಿಲ್ಲ. ತಂಡವಿಲ್ಲ ಎಂದರೆ ನಾನು ಗೂಡಿನಲ್ಲಿ ಕೂತು ಗಡಿಯಾರ ನೋಡುವ ಮುದುಕ, ಅಷ್ಟೇ.

ಗಂಟಲು ಇವತ್ತೂ ಕಟ್ಟಿದೆ. ಒಂದೂವರೆ ತಿಂಗಳಾಯಿತು. ನನ್ನವಳು ಔಷಧಿ ಅಂಗಡಿಯಲ್ಲಿ ಕೆಲಸ ಮಾಡುವವಳು, ಅವಳ ಕಣ್ಣಿಗೆ ಬೀಳಬಾರದೆಂದು ಗುಳಿಗೆಯನ್ನು ಎರಡು ಬೀದಿ ಆಚೆಯ ಅಂಗಡಿಯಲ್ಲಿ ತಂದೆ.

ಮಾರ್ಚ್ 6, ಗುರುವಾರ

ಹೆದರಿಕೆಗೆ ಏನಾದರೂ ಕೆಲಸ ಕೊಡಬೇಕು, ಇಲ್ಲದಿದ್ದರೆ ಅದು ನನ್ನನ್ನೇ ತಿನ್ನುತ್ತದೆ. ಡ್ಯೂಟಿ ಚಾರ್ಟಿನ ಹಿಂಬದಿಯಲ್ಲಿ ಆಟಕ್ಕೊಂದು ಕ್ರಮ ಬರೆದೆ. ಬಸ್ಸು ಬಿಟ್ಟು ಬಿಟ್ಟು ಕಲಿತದ್ದೇ ಅದು. ಒಂದು ಬಸ್ಸು ಕೆಟ್ಟು ನಿಂತರೆ ಹಿಂದಿನದು ಅದರ ಜನರನ್ನು ಹತ್ತಿಸಿಕೊಳ್ಳುತ್ತದೆ, ಅದು ತುಂಬಿದರೆ ಅದರ ಹಿಂದಿನದು ನಿಲ್ಲುತ್ತದೆ. ಯಾವ ಬಸ್ಸೂ ಮಹಾರಾಜನಲ್ಲ, ಆದರೂ ಊರು ನಡೆಯುತ್ತದೆ.

ಚೆಂಡು ಯಾರ ಕೈಯಲ್ಲೂ ಎರಡು ಎಣಿಸುವುದಕ್ಕಿಂತ ಹೆಚ್ಚು ಹೊತ್ತು ನಿಲ್ಲಬಾರದು. ಚೆಂಡು ಕೊಟ್ಟವಳು ಕೊಟ್ಟೆನೆಂದು ನಿಲ್ಲದೆ ಖಾಲಿ ಜಾಗಕ್ಕೆ ಓಡಬೇಕು. ಮೂರನೆಯದು ಎದುರಾಳಿಯನ್ನು ತಡೆಯುವಾಗಿನ ನಿಯಮ. ಮುಂದಿದ್ದವಳಿಗೆ ಬೆನ್ನ ಹಿಂದಿನದು ಕಾಣುವುದಿಲ್ಲ, ಹಿಂದಿದ್ದವಳಿಗೆ ಎಲ್ಲ ಕಾಣುತ್ತದೆ. ಆದ್ದರಿಂದ ಹಿಂದಿದ್ದವಳು ಕಂಡದ್ದನ್ನು ಬಾಯಿಬಿಟ್ಟು ಹೇಳಬೇಕು, "ಹಿಂದೆ ನಾನಿದೀನಿ" ಎಂದು ಧೈರ್ಯ ಕೊಡಬೇಕು.

ಹಳೆಯ ಬಸ್ ಶೆಡ್ಡಿನಲ್ಲಿ, ಎಷ್ಟು ಉಜ್ಜಿದರೂ ಹೋಗದ ಎಣ್ಣೆ ಕಲೆಗಳ ನಡುವೆ, ಎಲ್ಲರನ್ನೂ ಕೂರಿಸಿ ಓದಿದೆ. ಬಸ್ಸು ಓಡಿಸುವವಳನ್ನು ನಾವು ಸ್ಟೇರಿಂಗ್ ಎನ್ನುತ್ತೇವೆ, ಅವಳು ತಲೆಯಾಡಿಸಿದಳು. ಸ್ಟೋರ್ಸ್ ವಿಭಾಗದ ಅಕ್ಕತಂಗಿಯರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ವರ್ಕ್‌ಶಾಪಿನ ಗ್ರೀಸ್ ಮಾತ್ರ ನೇರವಾಗಿ ಕೇಳಿದಳು.

"ಅದೆಲ್ಲ ಸರಿ ಸರ್. ಕೊನೇಲಿ ರಿಂಗಿಗೆ ಹಾಕೋದು ಯಾರು?"

"ಯಾರಿಗೆ ಜಾಗ ಸಿಗುತ್ತೋ ಅವರು."

"ಅಂದ್ರೆ ಯಾರೂ ಇಲ್ಲ ಅಂತ."

ಎಲ್ಲರೂ ನಕ್ಕರು. ಚಿಲ್ಲರೆ ಎಂದು ನಾವು ಕರೆಯುವ ಕಂಡಕ್ಟರ್ ಹುಡುಗಿ ನಗಲಿಲ್ಲ. ಆಳು ನನ್ನ ಭುಜಕ್ಕೂ ಬರುವುದಿಲ್ಲ, ತಂಡಕ್ಕೆ ಹೇಗೆ ಬಂದಳೋ ಎಂದು ನನಗೇ ಅನುಮಾನ. ಅವಳು ಚಾರ್ಟನ್ನು ಇಸಿದುಕೊಂಡು ಎರಡು ಸಲ ಓದಿ ವಾಪಸ್ಸು ಕೊಟ್ಟಳು.

ಮಾರ್ಚ್ 8, ಶನಿವಾರ

ನೀರು ಸರಬರಾಜಿನವರ ಎದುರು ಸೋತೆವು. ಇಪ್ಪತ್ತಾರು ಪಾಯಿಂಟು ಅಂತರ.

ಸೋತದ್ದಕ್ಕಿಂತ ಹೆದರಿಸಿದ್ದು ಬೇರೆ. ನಾಲ್ಕು ಸಲ, ಎಣಿಸಿದ್ದೇನೆ, ನಾಲ್ಕು ಸಲ ನಮ್ಮವರು ಚೆಂಡನ್ನು ರಿಂಗಿನ ಬಲಗಡೆ ಎತ್ತರಕ್ಕೆ ಎಸೆದರು. ಅದು ಉದ್ದಕ್ಕ ನಿಲ್ಲುತ್ತಿದ್ದ ಜಾಗ. ಅಲ್ಲಿ ಯಾರೂ ಇರಲಿಲ್ಲ. ಚೆಂಡು ಹೋಗಿ ಗೋಡೆಗೆ ಬಡಿಯಿತು. ನೋಡಲು ಬಂದಿದ್ದವರು ನಕ್ಕರು. ಇಲ್ಲದವಳಿಗೆ ಚೆಂಡು ಕೊಡುವ ಇವರನ್ನು ಕಟ್ಟಿಕೊಂಡು ಏನು ಮಾಡಲಿ?

ಮಾರ್ಚ್ 15, ಶನಿವಾರ

ಗೆದ್ದೆವು! ಅಂಚೆಯವರ ಎದುರು, ಐದು ಪಾಯಿಂಟು.

ಉಪಾಯ ಸಿಕ್ಕಿತು. ಪ್ರತಿಯೊಂದನ್ನೂ ನಾನೇ ಕೂಗುವುದು. ಚೆಂಡು ಬಿಡು, ಓಡು, ಎಡಕ್ಕೆ, ಹಿಂದೆ ನೋಡು, ಏ ಗ್ರೀಸ್, ನಿನ್ನ ಬೆನ್ನಿಗೆ ಬಂದಳು, ಕೈ ಎತ್ತು. ನಲವತ್ತು ನಿಮಿಷದ ಆಟ, ಒಂದು ಕ್ಷಣ ಬಾಯಿ ಮುಚ್ಚಲಿಲ್ಲ. ನಾನು ಕೂಗಿದ್ದನ್ನು ಕೂಗಿದ ಹಾಗೇ ಮಾಡಿದರು. ನೋಡಿದವರೊಬ್ಬರು, "ಏನ್ ಸಿಸ್ಟಮ್ ಕಣಯ್ಯಾ ನಿಂದು, ಸ್ಟಾರೇ ಇಲ್ದೆ ಗೆದ್ದುಬಿಟ್ಟೆ" ಎಂದು ಬೆನ್ನು ತಟ್ಟಿದರು. ಉಬ್ಬಿಹೋದೆ ಎಂದು ಬರೆಯಲು ನಾಚಿಕೆಯಿಲ್ಲ, ಈ ಪುಸ್ತಕವನ್ನು ಯಾರು ಓದುತ್ತಾರೆ?

ಥ್ಯಾಂಕ್ಸ್ ಹೇಳಲು ಬಾಯಿ ತೆರೆದರೆ ಗಾಳಿ ಮಾತ್ರ ಬಂತು. ಕೆಮ್ಮಿದೆ. ಕರ್ಚೀಫಿನಲ್ಲಿ ಒಂದು ಎಳೆ ಕೆಂಪು. ಮಡಚಿ ಜೇಬಿನ ತಳಕ್ಕೆ ತುರುಕಿದೆ.

ಆ ಕರ್ಚೀಫನ್ನು ಬಟ್ಟೆಯ ಬುಟ್ಟಿಗೆ ಹಾಕಿಲ್ಲ. ನಾನೇ ಒಗೆದುಕೊಳ್ಳುತ್ತೇನೆ.

ಮಾರ್ಚ್ 18, ಮಂಗಳವಾರ

ಗಂಟಲಿನ ಡಾಕ್ಟರ ಬಳಿ ಹೋಗಿಬಂದೆ. ಮೂಗಿನಿಂದ ತೆಳ್ಳನೆಯ ನಳಿಗೆ ಇಳಿಸಿ ಎದುರಿನ ಪರದೆಯ ಮೇಲೆ ತೋರಿಸಿದರು. ದನಿ ಹೊರಡಿಸುವ ಎರಡು ಬಿಳಿ ಪಟ್ಟಿ, ಅದರಲ್ಲಿ ಒಂದರ ಅಂಚಿಗೆ ಬಟಾಣಿಯಷ್ಟು ಗಂಟು. ನನ್ನೊಳಗೆ ಇರುವುದನ್ನು ಪರದೆಯ ಮೇಲೆ ನೋಡುತ್ತಾ ಕುರ್ಚಿಯ ಕೈ ಗಟ್ಟಿಯಾಗಿ ಹಿಡಿದುಕೊಂಡೆ.

"ತೆಗೀಬೇಕು. ತೆಗೆದು ಪರೀಕ್ಷೆಗೆ ಕಳಿಸಬೇಕು. ಅಲ್ಲೀತನಕ ಗಟ್ಟಿಯಾಗಿ ಒಂದು ಮಾತೂ ಆಡಬೇಡಿ" ಎಂದರು.

"ಅದೇನಾ ಡಾಕ್ಟ್ರೇ?" ಎಂದೆ. ಆ ರೋಗದ ಹೆಸರು ಬಾಯಿಗೆ ಬರಲಿಲ್ಲ.

"ಪರೀಕ್ಷೆ ಆಗದೆ ನಾನೇನೂ ಹೇಳಲ್ಲ."

ಅಪ್ಪನಿಗೂ ಡಾಕ್ಟರು ಇದೇ ಮಾತು ಹೇಳಿದ್ದರು. ಅಪ್ಪ ಗಂಟಲಲ್ಲೇ ಹೋದದ್ದು. ಕೊನೆಯ ನಾಲ್ಕು ತಿಂಗಳು ಎದೆಯ ಮೇಲೆ ಒಂದು ಸ್ಲೇಟು ಇಟ್ಟುಕೊಂಡು ಮಲಗಿದ್ದರು. ಬಳಪದ ಕಿರ್ರ್ ಸದ್ದು ಬಂದರೆ ನಾನು ಓಡಬೇಕು. ಕೊನೆಗೆ ಅವರು ಬರೆದದ್ದು "ನೀರು". ನಾನು ನೀರು ತರುವಷ್ಟರಲ್ಲಿ ಮುಗಿದಿತ್ತು. ಸ್ಲೇಟನ್ನು ಒರೆಸುವ ಧೈರ್ಯ ಮನೆಯಲ್ಲಿ ಯಾರಿಗೂ ಬರಲಿಲ್ಲ.

ಏಪ್ರಿಲ್ ಮೂರಕ್ಕೆ ಆಪರೇಷನ್. ವಿದ್ಯುತ್ ಇಲಾಖೆಯ ಎದುರಿನ ಕೊನೇ ಪಂದ್ಯ ಹನ್ನೆರಡಕ್ಕೆ. ಆಪರೇಷನ್ ಆದಮೇಲೆ ಹನ್ನೊಂದು ದಿನ ಪಿಸುಮಾತೂ ಕೂಡದಂತೆ. ಹದಿನಾಲ್ಕಕ್ಕೆ ರಿಪೋರ್ಟು.

ಬಾಯಿಲ್ಲದ ಕೋಚು. ಗಂಟಲೇ ನನ್ನ ಆಟ. ಅದು ಹೋದರೆ ನಾನು ಯಾರು?

ಮಾರ್ಚ್ 19, ಬುಧವಾರ

ನನ್ನವಳಿಗೆ ಗೊತ್ತಂತೆ. ಮೊದಲಿನಿಂದ.

"ರೀ, ಎರಡು ಬೀದಿ ಆಚೆ ಅಂಗಡಿಯವನು ನನ್ನ ಜೊತೆ ಓದಿದವನು. ನೀವು ಗುಳಿಗೆ ತಗೊಂಡ ದಿನಾನೇ ಫೋನ್ ಮಾಡಿದ್ದ. ಎಷ್ಟು ದಿನ ಬಚ್ಚಿಡ್ತೀರೋ ನೋಡೋಣ ಅಂತ ಸುಮ್ನಿದ್ದೆ."

"ಹೆದರಿಕೆ ಆಗಲಿಲ್ವಾ ನಿಂಗೆ?"

"ನಿಮ್ಮದೇ ಸಾಕಾಗಿತ್ತು, ಇಬ್ಬರಿಗೂ" ಎಂದಳು. ಆ ಕರ್ಚೀಫನ್ನು ಹುಡುಕಿ ತೆಗೆದು ತಾನೇ ಒಗೆದಳು. ಅಳಲಿಲ್ಲ. ಇವಳ ಎದೆ ಯಾವುದರಿಂದ ಮಾಡಿದ್ದೋ.

ಮಾರ್ಚ್ 24, ಸೋಮವಾರ

ನರ್ಸುಗಳ ತಂಡದ ಎದುರು ಶನಿವಾರ ಆಟ. ಕೂಗುವಂತಿಲ್ಲ. ಸ್ಲೇಟು ತಗೊಳ್ಳಿ ಎಂದಳು ನನ್ನವಳು. ಬೇಡ ಎಂದೆ. ಏಕೆಂದು ಅವಳು ಕೇಳಲಿಲ್ಲ.

ರಟ್ಟು ಕತ್ತರಿಸಿ ಬಣ್ಣದ ಕಾರ್ಡು ಮಾಡಿದೆ. ಕೆಂಪು ಎತ್ತಿದರೆ ಹಿಂದಕ್ಕೆ, ಹಸಿರು ಎತ್ತಿದರೆ ಓಡು, ಹಳದಿ ಎಂದರೆ ಚೆಂಡು ಬಿಡು, ನೀಲಿ ಎಂದರೆ ಪಕ್ಕದವಳಿಗೆ ನೆರವಾಗು. ಶೆಡ್ಡಿನಲ್ಲಿ ಮೂರು ದಿನ ಅಭ್ಯಾಸ ಮಾಡಿಸಬೇಕು. ಗ್ರೀಸ್ ಹಣೆ ಚಚ್ಚಿಕೊಂಡಳು. "ಸರ್, ಸಿಗ್ನಲ್ ಲೈಟ್ ಥರಾ ನಿಂತಿದೀರ." ನಗಲು ಹೋಗಿ ಗಂಟಲು ನೊಂದಿತು.

ಮಾರ್ಚ್ 29, ಶನಿವಾರ

ಸೋತೆವು. ಇನ್ನು ಉಳಿದಿರುವುದು ಒಂದೇ. ಅದನ್ನು ಸೋತರೆ ಕೆಳಗೆ.

ಎರಡು ಪಾಯಿಂಟು ಹಿಂದಿದ್ದೆವು, ಕೊನೆಯ ನಿಮಿಷ. ಅವರ ಹುಡುಗಿ ಚೆಂಡು ಹಿಡಿದು ಬರುತ್ತಿದ್ದಳು. ನಾನು ನೀಲಿ ಎತ್ತಿದೆ. ಐದು ಜನವೂ, ಐದಕ್ಕೆ ಐದೂ, ಒಟ್ಟಿಗೆ ಕತ್ತು ತಿರುಗಿಸಿ ನನ್ನ ಕಾರ್ಡು ನೋಡಿದರು. ಆ ಹುಡುಗಿ ಇವರ ನಡುವಿನಿಂದ ಆರಾಮವಾಗಿ ನಡೆದುಹೋಗಿ ಚೆಂಡನ್ನು ರಿಂಗಿಗೆ ಹಾಕಿ ಬಂದಳು. ಓಡಲೂ ಇಲ್ಲ ಪುಣ್ಯಾತ್ಗಿತ್ತಿ. ನಮ್ಮವರು ಇನ್ನೂ ನನ್ನನ್ನೇ ನೋಡುತ್ತಿದ್ದರು.

ಆ ಹತ್ತು ಕಣ್ಣುಗಳು ನನ್ನನ್ನು ಬಿಡುತ್ತಿಲ್ಲ. ನಾನಿಲ್ಲದಿದ್ದರೆ ಇವರಿಗೆ ಒಂದು ಹೆಜ್ಜೆಯೂ ಗೊತ್ತಾಗುವುದಿಲ್ಲ. ಹನ್ನೆರಡಕ್ಕೆ ನಾನಿರುತ್ತೇನೋ ಇಲ್ಲವೋ. ಇದ್ದರೂ ಹೇಗಿರುತ್ತೇನೋ.

ಕಾರ್ಡುಗಳನ್ನು ಕಸದ ಡಬ್ಬಿಗೆ ಹಾಕಿದೆ.

ಮಾರ್ಚ್ 31, ಸೋಮವಾರ

ರಕ್ತಪರೀಕ್ಷೆಗೆ ಆಸ್ಪತ್ರೆಗೆ ಹೋಗಬೇಕಿತ್ತು. ನಮ್ಮ ಡಿಪೋದ್ದೇ ಬಸ್ಸು ಹತ್ತಿದೆ. ಹತ್ತಿದ ಮೇಲೆ ನೋಡುತ್ತೇನೆ, ಮುಂದೆ ಸ್ಟೇರಿಂಗ್, ಹಿಂದೆ ಚಿಲ್ಲರೆ. ಸಾವಿರಾರು ಬಸ್ಸು ಬಿಟ್ಟಿದ್ದೇನೆ, ಇವರ ಬಸ್ಸಿನಲ್ಲಿ ಒಂದು ಸಲವೂ ಕೂತಿರಲಿಲ್ಲ. "ಮುಂದೆ ಹೋಗಿ, ಒಳಗೆ ಜಾಗ ಇದೆ" ಎಂದು ಆ ಪುಟ್ಟ ದೇಹದಿಂದ ಬರುವ ದನಿ ಕೇಳಿ ಬೆರಗಾದೆ. ಶೆಡ್ಡಿನಲ್ಲಿ ತುಟಿ ಬಿಚ್ಚದವಳು.

ಕೊನೇ ನಿಲ್ದಾಣ ಕಿಷ್ಕಿಂಧೆ. ಒಂದು ಕಡೆ ಆಸ್ಪತ್ರೆಯ ಗೋಡೆ, ಇನ್ನೊಂದು ಕಡೆ ನಿಂತ ಆಟೋಗಳು, ಹಿಂದೆ ಜನ. ಅಲ್ಲಿ ಬಸ್ಸನ್ನು ಹಿಮ್ಮುಖವಾಗಿ ತಿರುಗಿಸಬೇಕು. ಚಿಲ್ಲರೆ ಕೆಳಗಿಳಿದು ಹಿಂದೆ ನಿಂತಳು. "ಬರ್ಲಿ, ಬರ್ಲಿ, ಬರ್ಲಿ... ಸ್ವಲ್ಪ ಎಡ... ಬರ್ಲಿ... ಹೋಲ್ಡಾನ್!" ನಾನು ಕಿಟಕಿಯಿಂದ ಇಣುಕಿದರೆ ಗೋಡೆ ಒಂದು ಗೇಣು ದೂರದಲ್ಲಿತ್ತು. ಜೀವ ಬಾಯಿಗೆ ಬಂತು. ಸ್ಟೇರಿಂಗ್ ಒಂದು ಸಲವೂ ತಿರುಗಿ ನೋಡಲಿಲ್ಲ.

ಇಳಿಯುವಾಗ ಪಿಸುಗುಟ್ಟಿದೆ, "ಹೆದರಿಕೆ ಆಗಲ್ವೇನಮ್ಮಾ?"

"ಯಾಕ್ ಸರ್? ಹಿಂದೆ ಅವಳಿದಾಳಲ್ಲ" ಎಂದು ಮಿರರ್ ಒರೆಸತೊಡಗಿದಳು.

ಬಸ್ಸು ಆರು ನಿಮಿಷ ತಡ. ಯಾಕೆಂದು ಕೇಳಬೇಕಿತ್ತು, ಮರೆತೆ. ರಕ್ತ ತೆಗೆಯುವಾಗ ಬೇರೆ ಕಡೆ ನೋಡಿದೆ.

ಏಪ್ರಿಲ್ 1, ಮಂಗಳವಾರ

ಇವತ್ತು ನನ್ನ ಮುಖಕ್ಕೆ ಹೊಡೆದ ಹಾಗೆ ಆಯಿತು.

ಆಪರೇಷನ್ನಿಗೆ ಮುಂಚಿನ ಕೊನೇ ಅಭ್ಯಾಸ. ಮೂರನೇ ನಿಯಮ ಯಾಕೆ ನಿಮಗೆ ತಲೆಗೆ ಹತ್ತುವುದಿಲ್ಲ ಎಂದು ಸನ್ನೆಯಲ್ಲೇ ರೇಗುತ್ತಿದ್ದೆ. ಡ್ಯೂಟಿ ಚಾರ್ಟನ್ನು ಬೆರಳಲ್ಲಿ ಕುಟ್ಟಿ ಕುಟ್ಟಿ ತೋರಿಸಿದೆ. ಚಿಲ್ಲರೆ ಮುಂದೆ ಬಂದಳು.

"ಸರ್, ತಪ್ಪು ತಿಳ್ಕೋಬೇಡಿ. ಈ ಮೂರನೇದು ನಾನೂ ಸ್ಟೇರಿಂಗ್ ಅಕ್ಕಾನೂ ದಿನಾ ಬಸ್ಸಲ್ಲಿ ಮಾಡ್ತೀವಿ. ಇಲ್ಲಿ ಆಗ್ತಿರಲಿಲ್ಲ."

ಯಾಕೆ ಎಂದು ಕೈಯಾಡಿಸಿದೆ.

"ನೀವು ಕೂಗ್ತಿದ್ರಲ್ಲ. ಹಿಂದಿಂದ ನಾನೊಂದು ಹೇಳಿ, ಹೊರಗಿಂದ ಇನ್ನೊಬ್ಬರು ಒಂದು ಹೇಳಿದ್ರೆ, ಡ್ರೈವರ್ ಯಾರ ಮಾತು ಕೇಳ್ಬೇಕು? ಬಸ್ಸು ಗೋಡೆಗೆ ಹೋಗುತ್ತೆ."

ಗ್ರೀಸ್ ಶೂ ಲೇಸು ಬಿಚ್ಚಿ ಕಟ್ಟಿದಳು. ನಾನು ಕುರ್ಚಿಯಲ್ಲಿ ಕೂತೆ. ಅವರು ಆಡಿದರು. ಚಿಲ್ಲರೆ ಎಲ್ಲರಿಗಿಂತ ಹಿಂದೆ ನಿಂತು ಬಸ್ಸಿನ ದನಿ ತೆಗೆದಳು. ಸ್ಟೇರಿಂಗ್ ತಿರುಗಿ ನೋಡದೆ ಹಿಂದಕ್ಕೆ ಸರಿದು, ಸರಿಯಾಗಿ ಎಲ್ಲಿ ನಿಲ್ಲಬೇಕೋ ಅಲ್ಲಿ ನಿಂತಳು.

ಮನೆಗೆ ಬಂದು ನನ್ನವಳಿಗೆ ಪಿಸುಗುಟ್ಟಿ ಹೇಳಿದೆ, ಒಂಬತ್ತು ವರ್ಷ ಗಂಟಲು ಹರಿದುಕೊಂಡಿದ್ದಕ್ಕೆ ಇದು ಬಹುಮಾನ ನೋಡು ಎಂದು. ಅವಳು ನಕ್ಕಳು. ಅದರಲ್ಲಿ ನಗುವಂಥದ್ದು ಏನಿತ್ತೋ.

ಏಪ್ರಿಲ್ 3, ಗುರುವಾರ. ಬೆಳಿಗ್ಗೆ, ಆಸ್ಪತ್ರೆ

ಇನ್ನು ಅರ್ಧ ಗಂಟೆ. ಹಸಿರು ಗೌನು ಹಾಕಿದ್ದಾರೆ, ಹಿಂದೆ ಕಟ್ಟುವ ದಾರ ಒಂದು ಇಲ್ಲ. ಉಂಗುರ, ವಾಚು ಬಿಚ್ಚಿ ನನ್ನವಳ ಕೈಗೆ ಕೊಟ್ಟೆ. ವಾಚಿಲ್ಲದ ಮಣಿಕಟ್ಟು ನೋಡಿದರೆ ಬೇರೆ ಯಾರದೋ ಕೈ ಅನ್ನಿಸುತ್ತದೆ. ಪಕ್ಕದ ಹಾಸಿಗೆಯವರಿಗೆ ಮಾತು ಬರುವುದಿಲ್ಲ, ಗಂಟಲಲ್ಲಿ ಒಂದು ತೂತು ಇದೆ. ನೋಡಬಾರದು ಎಂದುಕೊಂಡರೂ ಕಣ್ಣು ಅಲ್ಲಿಗೇ ಹೋಗುತ್ತದೆ.

ಕೊನೆಯ ಮಾತು ಏನಾದರೂ ಒಳ್ಳೆಯದು ಆಡಬೇಕು ಎಂದು ಯೋಚಿಸಿದ್ದೆ. ಬಾಯಿಂದ ಬಂದದ್ದು, "ಗ್ಯಾಸ್ ಆಫ್ ಮಾಡಿದ್ಯಾ?"

"ಮಾಡಿದೀನಿ. ಹೋಗಿ. ಹಿಂದೆ ನಾನಿದೀನಿ."

ಈ ಮಾತು ಇವಳಿಗೆ ಎಲ್ಲಿ ಸಿಕ್ಕಿತೋ. ಮೊನ್ನೆ ಕೊಡೆ ಕೊಡಲು ಶೆಡ್ಡಿಗೆ ಬಂದಿದ್ದಳು, ಆಗ ಕೇಳಿರಬೇಕು.

ಕರೆಯುತ್ತಿದ್ದಾರೆ.

ಏಪ್ರಿಲ್ 4, ಶುಕ್ರವಾರ

ಬದುಕಿದ್ದೇನೆ, ಮನೆಗೂ ಬಂದೆ. ನುಂಗಿದರೆ ಗಾಜು ನುಂಗಿದ ಹಾಗೆ. ನನ್ನವಳು ಸ್ಲೇಟು ತಂದು ದಿಂಬಿನ ಪಕ್ಕ ಇಟ್ಟಳು. ಮುಖ ತಿರುಗಿಸಿ ಮಲಗಿದೆ.

ಏಪ್ರಿಲ್ 5, ಶನಿವಾರ

ಬಾಯಾರಿತ್ತು. ಸ್ಲೇಟು ಎಳೆದುಕೊಂಡೆ. "ನೀ" ಎಂದು ಬರೆದು ಕೈ ನಿಂತಿತು. ಒರೆಸಿ, ಎದ್ದು, ಅಡುಗೆಮನೆಗೆ ಹೋಗಿ ನಾನೇ ಕುಡಿದೆ.

ಏಪ್ರಿಲ್ 8, ಮಂಗಳವಾರ

ಶೆಡ್ಡಿಗೆ ಹೋದೆ. ಗೇಟಿನ ಹೊರಗೇ ಗದ್ದಲ ಕೇಳಿಸಿತು. ಜಗಳವೋ ಏನೋ ಎಂದು ಹೆದರಿ ಒಳಗೆ ಓಡಿದರೆ, ಆಟ. ಐದು ಬಾಯಿ ಒಟ್ಟಿಗೆ. "ಎಡಕ್ಕೆ ಬಂದಳು!" "ಬಿಡು, ನನಗೆ ಸಿಕ್ಕಿದ್ಲು!" "ಹೋಲ್ಡಾನ್!" "ಹೋಗು ಹೋಗು, ಹಿಂದೆ ನಾನಿದೀನಿ!" ಸ್ಟೋರ್ಸ್ ಅಕ್ಕತಂಗಿಯರಲ್ಲಿ ಚಿಕ್ಕವಳು ಸಾಮಾನು ಎಣಿಸುವಾಗಲೂ ಮನಸ್ಸಿನಲ್ಲೇ ಎಣಿಸುವವಳು, ಅವಳ ದನಿ ತಗಡಿನ ಮಾಡಿಗೆ ಬಡಿಯುತ್ತಿತ್ತು. ಗ್ರೀಸ್ ತಪ್ಪು ಕೂಗಿದರೆ ಉಳಿದವರು ತಿದ್ದುತ್ತಿದ್ದರು, ಅವಳು ಅವರಿಗೆ ಒಂದು ಬೈಗುಳ ಬಿಟ್ಟು ತಿದ್ದಿಕೊಳ್ಳುತ್ತಿದ್ದಳು.

ಚೆಂಡೂ ಒಂದು ಕಡೆ ನಿಲ್ಲುತ್ತಿರಲಿಲ್ಲ. ಕೊಟ್ಟವಳು ಓಡುತ್ತಿದ್ದಳು, ಓಡಿದ ಜಾಗಕ್ಕೆ ಇನ್ನೊಬ್ಬಳು ಬರುತ್ತಿದ್ದಳು. ಒಬ್ಬಳಿಗೆ ದಣಿವಾದರೆ ಹೊರಗೆ ಕೂತವಳು ತಾನಾಗೇ ಎದ್ದು ಒಳಗೆ ಹೋಗುತ್ತಿದ್ದಳು. ನಾನು ಬಂದದ್ದನ್ನು ಹತ್ತು ನಿಮಿಷ ಯಾರೂ ನೋಡಲಿಲ್ಲ.

ಆ ಹತ್ತು ನಿಮಿಷ ನನಗೆ ಎಂಥ ಭಯವಾಯಿತೆಂದು ಬರೆದಿಡುತ್ತೇನೆ. ಆಪರೇಷನ್ನಿಗಿಂತ ಹೆಚ್ಚು. ನಾನು ಸತ್ತು, ಸತ್ತ ಮೇಲೆ ಬಂದು ನೋಡುತ್ತಿದ್ದೇನೇನೋ ಅನ್ನಿಸಿತು.

ಆಮೇಲೆ ಚಿಲ್ಲರೆ ಕಂಡು, "ಸರ್ ಬಂದ್ರು!" ಎಂದಳು. ಎಲ್ಲರೂ ಸುತ್ತ ಮುತ್ತಿಕೊಂಡರು. ಅಕ್ಕತಂಗಿಯರಲ್ಲಿ ದೊಡ್ಡವಳು ಕುರ್ಚಿ ತಂದಳು. ಗ್ರೀಸ್ ನನ್ನ ಕೈಯಲ್ಲಿನ ಸ್ಲೇಟು ನೋಡಿ, "ಸರ್, ಮತ್ತೆ ಒಂದನೇ ಕ್ಲಾಸಿಗೆ ಸೇರ್ಕೊಂಡ್ರಾ?" ಎಂದಳು. ನಗು ಬಂತು. ಸದ್ದಿಲ್ಲದೆ ನಗಬಹುದು ಎಂದು ಗೊತ್ತಿರಲಿಲ್ಲ.

ಒಂದು ವಿಷಯ ಮಾತ್ರ ಬರೆದು ತೋರಿಸಿದೆ: ಉದ್ದಕ್ಕ ಚೆಂಡು ಹಿಡಿಯುವ ಮೊದಲು ಎಡ ಕಾಲು ಹಿಂದಕ್ಕೆ ಇಡುತ್ತಾಳೆ. ಒಂಬತ್ತು ವರ್ಷ ನೋಡಿದ್ದೇನೆ. "ಅದು ನಿಮಗೆ ಮಾತ್ರ ಗೊತ್ತಿತ್ತು ಸರ್" ಎಂದಳು ಸ್ಟೇರಿಂಗ್. ಅದನ್ನು ಅಷ್ಟೂ ಜನ ಬಾಯಿಪಾಠ ಮಾಡಿದರು.

ಏಪ್ರಿಲ್ 12, ಶನಿವಾರ

ಈಗಲೇ ಬರೆದಿಡಬೇಕು. ಅಕ್ಷರ ಹೇಗೆ ಬಂದರೂ ಬರಲಿ.

ವಿದ್ಯುತ್ ಇಲಾಖೆಯವರದು ಹೊಸ ಒಳಾಂಗಣ, ಮರದ ನೆಲ, ತಲೆಯ ಮೇಲೆ ಹಗಲಿನಂಥ ದೀಪ. ಉದ್ದಕ್ಕ ಬಂದು ನನ್ನ ಕೈ ಹಿಡಿದು, "ಹೇಗಿದೀರ ಸರ್? ಕೇಳಿದೆ" ಎಂದಳು. ಕಣ್ಣು ಒದ್ದೆಯಾಗಿತ್ತು. ತಲೆಯಾಡಿಸಿದೆ. ಆಮೇಲೆ ಅದೇ ಉದ್ದಕ್ಕ ಮೊದಲ ಐದು ನಿಮಿಷದಲ್ಲಿ ನಮ್ಮ ಮೇಲೆ ಒಂಬತ್ತು ಪಾಯಿಂಟು ಹಾಕಿದಳು.

ನನ್ನವಳು ಪಕ್ಕದಲ್ಲೇ ಕೂತು ನನ್ನ ಮಣಿಕಟ್ಟು ಹಿಡಿದಿದ್ದಳು. ಬಾಯಿ ತೆರೆದೆ ಎಂದು ಕಂಡರೆ ಉಗುರು ಒತ್ತುತ್ತಿದ್ದಳು. ಹದಿನೇಳು ಸಲ ಒತ್ತಿದ್ದಾಳೆ, ಗುರುತು ಇವೆ.

ನಮ್ಮಲ್ಲಿ ಯಾರೂ ಹನ್ನೆರಡು ಪಾಯಿಂಟು ದಾಟಲಿಲ್ಲ. ಆದರೆ ಹೊರಗೆ ಕೂರುವವರೂ ಸೇರಿ ತಂಡದ ಎಂಟೂ ಜನ ಹಾಕಿದರು. ಅವರು ಯಾರನ್ನು ತಡೆಯಬೇಕೆಂದು ತಿಳಿಯದೆ ಒಬ್ಬರ ಮೇಲೊಬ್ಬರು ರೇಗತೊಡಗಿದರು. ಉದ್ದಕ್ಕ ಒಬ್ಬಳೇ ಇಪ್ಪತ್ತೊಂಬತ್ತು ಹಾಕಿ ಸೊಂಟಕ್ಕೆ ಕೈ ಕೊಟ್ಟು ಏದುಸಿರು ಬಿಡುತ್ತಿದ್ದಳು. ಅವರ ಕೋಚು "ಉದ್ದಕ್ಕನಿಗೆ ಕೊಡಿ, ಉದ್ದಕ್ಕನಿಗೆ ಕೊಡಿ" ಎಂದು ಕೂಗುವುದು ಕೇಳಿ ನನ್ನ ಗಂಟಲು ಚುಳ್ ಎಂದಿತು. ಪಾಪ, ಅವಳಿಗೆ ನೀರು ಕುಡಿಯಲೂ ಬಿಡಲಿಲ್ಲ.

ಹದಿನಾಲ್ಕು ಸೆಕೆಂಡು ಉಳಿದಿತ್ತು. ನಮ್ಮದು ಐವತ್ತೊಂದು, ಅವರದು ಐವತ್ತು. ಚೆಂಡು ಅವರದು. ಅವರೇ ಟೈಮ್‌ಔಟ್ ತೆಗೆದುಕೊಂಡರು. ಸ್ಲೇಟು ಎತ್ತಿಕೊಂಡು ಓಡಿದೆ. ಬಳಪ ಮುರಿದು ಎಲ್ಲೋ ಹಾರಿತು. ಬಗ್ಗಿ ಹುಡುಕಿ ತಲೆಯೆತ್ತುವಷ್ಟರಲ್ಲಿ ನಮ್ಮವರು ಸುತ್ತು ಕಟ್ಟಿಕೊಂಡು ತಲೆಗೆ ತಲೆ ತಾಗಿಸಿ ಮಾತಾಡುತ್ತಿದ್ದರು. ನನಗೆ ಕಂಡದ್ದು ಬೆನ್ನುಗಳು ಮಾತ್ರ. ಖಾಲಿ ಸ್ಲೇಟು ಹಿಡಿದು ಆ ಬೆನ್ನುಗಳ ಹಿಂದೆ ನಿಂತೆ.

ಚಿಲ್ಲರೆ ತಿರುಗಿದಳು. ಪಕ್ಕದವಳನ್ನು ಮೊಣಕೈಯಿಂದ ಸರಿಸಿದಳು.

"ಒಳಗೆ ಬನ್ನಿ ಸರ್, ಜಾಗ ಇದೆ."

ಹೋದೆ. ಒಂದು ಕಡೆ ಸ್ಟೇರಿಂಗ್ ತೋಳು, ಇನ್ನೊಂದು ಕಡೆ ಗ್ರೀಸ್ ತೋಳು ನನ್ನ ಹೆಗಲ ಮೇಲೆ ಬಿತ್ತು. ಬೆವರಿನ ವಾಸನೆ, ಎಲ್ಲರ ಎದೆಯೂ ಢವಢವ. ಯಾರಿಗೆ ಭಯವಿಲ್ಲ! "ಎಡ ಕಾಲು ಹಿಂದೆ ಇಟ್ಟ ತಕ್ಷಣ ಹೇಳ್ತೀನಿ" ಎಂದಳು ಚಿಲ್ಲರೆ. ಉಳಿದವರು ಹ್ಞೂಂ ಎಂದರು. ನಾನೂ ತಲೆಯಾಡಿಸಿದೆ. ಸೀಟಿ ಆಯಿತು, ನನ್ನವಳ ಪಕ್ಕಕ್ಕೆ ಮರಳಿದೆ.

ಕೂಗಿಬಿಡುತ್ತೇನೆಂದು ಗೊತ್ತಾಯಿತು. ಕಣ್ಣು ಮುಚ್ಚಿಕೊಂಡೆ. ಕಾಣದಿದ್ದರೆ ಕೂಗುವುದಾದರೂ ಏನನ್ನು?

ಆದರೆ ಕಾಣುತ್ತಿತ್ತು. ದನಿಯಲ್ಲೇ. ಗ್ರೀಸ್ ಬಲಮೂಲೆಯಲ್ಲಿ, "ನಾನು ತಡೆಯೋಳು ಇಲ್ಲಿದಾಳೆ!" ಅಕ್ಕ ನಡುವೆ, ತಂಗಿ ಅವಳ ಪಕ್ಕ, "ಬಿಡು ಬಿಡು, ಹೋಗಲಿ!" ಉದ್ದಕ್ಕನ ಮುಂದೆ ಸ್ಟೇರಿಂಗ್ ಉಸಿರು. ಆಮೇಲೆ ಎಲ್ಲರಿಗಿಂತ ಹಿಂದಿನಿಂದ ಆ ಬಸ್ಸಿನ ದನಿ. "ಕಾಲಿಟ್ಟಳು! ಬರ್ಲಿ ಬರ್ಲಿ ಅಕ್ಕಾ... ಹೋಲ್ಡಾನ್! ಹಿಂದೆ ನಾನಿದೀನಿ!" ಶೂಗಳು ಕಿರ್ರ್ ಎಂದವು. ಚೆಂಡಿಗೆ ಯಾರದೋ ಅಂಗೈ ಚಟ್ ಎಂದು ಬಿತ್ತು. ಚೆಂಡು ಮರದ ನೆಲದ ಮೇಲೆ ಒಂದು, ಎರಡು, ಮೂರು ಸಲ ಪುಟಿಯಿತು. ಯಾರೂ ಹಿಡಿಯಲಿಲ್ಲ. ಸೈರನ್ನು ಕೂಗಿತು.

ಕಣ್ಣು ಬಿಟ್ಟೆ. ನನ್ನವಳು ನನ್ನ ಮಣಿಕಟ್ಟು ಬಿಟ್ಟು ಎದ್ದು ನಿಂತು ಕುಣಿಯುತ್ತಿದ್ದಳು. ಚಿಲ್ಲರೆ ಕಾಣಿಸಲಿಲ್ಲ, ನಮ್ಮವರೆಲ್ಲ ಅವಳ ಮೇಲೆ ಬಿದ್ದಿದ್ದರು.

ಮನೆಗೆ ಬಂದು ನೋಡಿದರೆ ಸ್ಲೇಟಿನಲ್ಲಿ ಒಂದಕ್ಷರವೂ ಇಲ್ಲ.

ಏಪ್ರಿಲ್ 14, ಸೋಮವಾರ

ರಿಪೋರ್ಟಿನ ದಿನ. ಮೂರನೇ ಮಹಡಿ, ಲಿಫ್ಟು ಕೆಟ್ಟಿತ್ತು. ಮೆಟ್ಟಿಲು ಹತ್ತುವಾಗ ಪ್ರತಿ ಮೆಟ್ಟಿಲಿಗೂ ಒಂದು ಹರಕೆ ಹೊತ್ತೆ. ಯಾವುದೂ ಈಗ ನೆನಪಿಲ್ಲ. ನನ್ನ ಟೋಕನ್ ಹನ್ನೊಂದು. ಹತ್ತನೆಯವರು ಒಳಗಿಂದ ಅಳುತ್ತಾ ಹೊರಗೆ ಬಂದರು. ಕುರ್ಚಿಯ ಬೆನ್ನು ಹಿಡಿದು ಎದ್ದೆ. ನನ್ನವಳು ಫೈಲು ಹಿಡಿದು ನೆಟ್ಟಗೆ ಮುಂದೆ ನಡೆದಳು.

ಡಾಕ್ಟರು ಕಾಗದ ಓದಿದರು. ಮತ್ತೆ ಓದಿದರು. ಕನ್ನಡಕ ತೆಗೆದರು.

"ಅದಲ್ಲ" ಎಂದರು. "ಬರೀ ಕೂಗಿ ಕೂಗಿ ಆಗಿರೋ ಗಂಟು. ಭಯ ಬೇಡ."

ಇಷ್ಟು ದಿನ ಹಿಡಿದಿದ್ದ ಉಸಿರು ಅಲ್ಲೇ ಮೇಜಿನ ಮೇಲೆ ಬಿಟ್ಟೆ. ಡಾಕ್ಟರ ಕಾಗದ ಹಾರಿತು.

"ಆದರೆ ಕೂಗೋದು ಈ ಜನ್ಮಕ್ಕೆ ಮುಗೀತು ಅಂದ್ಕೊಳ್ಳಿ. ಇವತ್ತು ಒಂದೇ ಒಂದು ಮಾತು, ಮೆಲ್ಲಗೆ. ನಾಳೆ ಎರಡು. ಹಾಗೇ ಹೆಚ್ಚಿಸ್ತಾ ಹೋಗಿ. ಇವತ್ತಿನ ಆ ಒಂದನ್ನ ಯಾವುದಕ್ಕೆ ಬಳಸ್ತೀರೋ ನಿಮಗೆ ಬಿಟ್ಟಿದ್ದು."

ನನಗೆ ಯೋಚನೆಯೇ ಬೇಕಾಗಿರಲಿಲ್ಲ. ನಾಲ್ಕು ಗಂಟೆಗೆ ಶೆಡ್ಡಿನಲ್ಲಿ ಎಲ್ಲರೂ ಕಾಯುತ್ತಾರೆ. ಒಂಬತ್ತು ವರ್ಷದ ಕೋಚು ಮೊದಲ 'ಭಾಷಣ' ಮಾಡಬೇಕಲ್ಲ. ಒಂದೇ ವಾಕ್ಯದಲ್ಲಿ ಎಲ್ಲ ಹಿಡಿಸಬೇಕೆಂದು ಕಾರಿಡಾರಿನಲ್ಲೇ ಮನಸ್ಸಿನಲ್ಲಿ ಜೋಡಿಸುತ್ತಾ ಬಂದೆ. ಚೆನ್ನಾಗಿಯೂ ಬಂದಿತ್ತು.

ಮೆಟ್ಟಿಲ ಬಳಿ ನನ್ನವಳು ನಿಂತುಬಿಟ್ಟಳು. ಕಂಬಿ ಹಿಡಿದಿದ್ದಳು. ಬೆರಳ ಗೆಣ್ಣು ಬೆಳ್ಳಗಾಗಿತ್ತು. ನಾಲ್ಕು ವಾರ ಒಂದು ಹನಿ ಹಾಕದವಳ ಮೈಯೆಲ್ಲ ಅದುರುತ್ತಿತ್ತು.

"ರೀ... ಕಾಲೇ ಬರ್ತಿಲ್ಲ. ಬಿದ್ದುಬಿಡ್ತೀನೇನೋ" ಎಂದಳು. "ಎಷ್ಟು ಹೆದರಿದ್ದೆ ಗೊತ್ತಾ ನಾನು..."

ಅವಳಿಗೆ ಹೆದರಿಕೆಯಾಗಿತ್ತು. ಅದು ನನಗೆ ಒಂದು ದಿನವೂ ಹೊಳೆದಿರಲಿಲ್ಲ. ಫೈಲನ್ನು ಕಂಕುಳಲ್ಲಿ ಇಟ್ಟುಕೊಂಡು ಅವಳ ಹಿಂದಿನ ಮೆಟ್ಟಿಲಲ್ಲಿ ನಿಂತು ಎರಡೂ ಭುಜ ಹಿಡಿದೆ.

"ಇಳಿ, ಹಿಂದೆ ನಾನಿದೀನಿ."

ತುಕ್ಕು ಹಿಡಿದ ಬಾಗಿಲು ತೆರೆದ ಹಾಗಿತ್ತು ನನ್ನ ದನಿ. ಅವಳಿಗೆ ಕೇಳಿಸಿತು. ತಿರುಗಿ ನೋಡದೆ ಒಂದು ಮೆಟ್ಟಿಲು ಇಳಿದಳು, ಇನ್ನೊಂದು ಇಳಿದಳು. ಮೂರು ಮಹಡಿ ಹಾಗೇ ಇಳಿದೆವು.

ನಾಲ್ಕಕ್ಕೆ ಶೆಡ್ಡಿಗೆ ಹೋದೆ. ನನ್ನವಳ ಫೋನಿನಿಂದ ಸುದ್ದಿ ಆಗಲೇ ಮುಟ್ಟಿತ್ತು, ಗ್ರೀಸ್ ಎಣ್ಣೆ ಕೈಯಲ್ಲೇ ನನ್ನ ಕೈ ಹಿಡಿದು ಕುಲುಕಿದಳು. "ಒಂದು ಮಾತು ಆಡ್ಬಹುದಂತೆ ಸರ್, ಹೇಳಿ ಹೇಳಿ" ಎಂದು ಎಲ್ಲರೂ ಸುತ್ತ ನಿಂತರು. ಸ್ಲೇಟಿನಲ್ಲಿ ಬರೆದೆ: ಇವತ್ತಿಂದು ಆಸ್ಪತ್ರೆಯ ಮೆಟ್ಟಿಲಲ್ಲೇ ಖರ್ಚಾಯಿತು.

"ಪರವಾಗಿಲ್ಲ ಬಿಡಿ ಸರ್" ಎಂದಳು ಚಿಲ್ಲರೆ. ಚೆಂಡು ತೆಗೆದುಕೊಂಡು ಒಳಗೆ ಹೋದಳು. ನಾನು ಸ್ಲೇಟು ಒರೆಸಿ ಕುರ್ಚಿಯಲ್ಲಿ ಕೂತೆ.